ಹುಣಸೆ ಮರ ಯಾರದು? ಕೊಕ್ಕರೆ ಬೆಳ್ಳೂರು ಪಕ್ಷಿಧಾಮವಾಗಿ ಬೆಳೆದ ಬಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಊರ ಕೆರೆಯ ಪಕ್ಕದ ಹುಣಸೆ ಮರಗಳಲ್ಲಿ ಮೂರು ನಾಲ್ಕು ವರ್ಷಗಳಿಂದ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿವೆ. ಕೊಕ್ಕರೆ ಬೆಳ್ಳೂರಿನ ಹಾಗೆ ಊರಿನವರೇ ನೋಡಿಕೊಳ್ಳುವ ಪಕ್ಷಿಧಾಮ ಮಾಡಬಹುದೇ, ಅಲ್ಲಿ ಅದು ಹೇಗೆ ಶುರುವಾಯಿತು, ಹೇಗೆ ಬೆಳೆಯಿತು ಎಂದು ಕೇಳಿದ್ದೀರಿ.

ಖಂಡಿತ ಮಾಡಬಹುದು. ಕಾನೂನಿನಲ್ಲಿ ದಾರಿಯೂ ಇದೆ, ಮುಂದೆ ಹೇಳುತ್ತೇನೆ. ಆದರೆ ಅರ್ಜಿ ಬರೆಯಲು ಕೂರುವ ಮುನ್ನ ಒಂದು ಕೆಲಸ ಮಾಡಿ. ಗೂಡಿರುವ ಮರಗಳನ್ನು ಎಣಿಸಿ, ಒಂದೊಂದು ಮರವೂ ಯಾರ ಪಹಣಿಯ ಜಮೀನಿನಲ್ಲಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಕೊಕ್ಕರೆ ಬೆಳ್ಳೂರಿನ ಚರಿತ್ರೆಯ ಮುಕ್ಕಾಲು ಪಾಲು ಅಂಥದೊಂದು ಪಟ್ಟಿಯಲ್ಲಿ ಅಡಗಿದೆ.

ನಾನು ಆ ಊರಿಗೆ ಮೊದಲು ಹೋದದ್ದು 1990ರ ದಶಕದ ಕೊನೆಯಲ್ಲಿ, ಕಾಲೇಜಿನ ಹುಡುಗನಾಗಿ. ಆಮೇಲೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಹೋಗಿದ್ದೇನೆ. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮೊದಲೇ ಸಿಗುವ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು ಹನ್ನೆರಡು ಕಿಲೋಮೀಟರ್ ಒಳಗೆ ಹೋಗಬೇಕು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬೇರೆ. ಬೆಳ್ಳೂರು ಕ್ರಾಸ್‌ನಲ್ಲಿ ಇಳಿದು ಹಕ್ಕಿ ಎಲ್ಲಿ ಎಂದು ಕೇಳಿದವರನ್ನು ನಾನು ಬಲ್ಲೆ, ಆದ್ದರಿಂದ ಹೇಳಿದೆ.

ರಂಗನತಿಟ್ಟು ನೋಡಿದವರಿಗೆ ಇಲ್ಲಿ ಮೊದಲು ಗೊಂದಲವಾಗುತ್ತದೆ. ರಂಗನತಿಟ್ಟು 1940ರಲ್ಲೇ ಪಕ್ಷಿಧಾಮವಾಯಿತು. ಅಲ್ಲಿ ಹಕ್ಕಿಗೂ ನಮಗೂ ನಡುವೆ ಕಾವೇರಿ ಇದ್ದಾಳೆ, ದೋಣಿಯಲ್ಲಿ ಕುಳಿತು ದೂರದಿಂದ ನೋಡುತ್ತೇವೆ. ಕೊಕ್ಕರೆ ಬೆಳ್ಳೂರಿನಲ್ಲಿ ನಡುವೆ ಏನೂ ಇಲ್ಲ. ಬಸ್ಸು ನಿಲ್ಲುವ ಜಾಗ, ಅರಳಿಕಟ್ಟೆ, ಹಿತ್ತಲು, ಕೊಟ್ಟಿಗೆ, ಅವುಗಳ ಮೇಲೆಯೇ ಗೂಡು. ತಲೆಯೆತ್ತಿದರೆ ಹತ್ತಿಪ್ಪತ್ತು ಅಡಿ ಎತ್ತರದಲ್ಲಿ ಒಂದು ಹೆಜ್ಜಾರ್ಲೆ (ಪೆಲಿಕನ್) ತನ್ನ ಉದ್ದನೆಯ ಕೊಕ್ಕನ್ನು ಎದೆಗೊತ್ತಿಕೊಂಡು ಕುಳಿತಿರುತ್ತದೆ. ಒಂದೂಕಾಲು ಮೀಟರಿಗಿಂತ ಉದ್ದದ, ನಾಲ್ಕೈದು ಕಿಲೋ ತೂಗುವ ಹಕ್ಕಿ ಅದು. ರೆಕ್ಕೆ ಬಿಚ್ಚಿದರೆ ಇಡೀ ಅಂಗಳಕ್ಕೆ ಒಂದು ಕ್ಷಣ ನೆರಳು ಬೀಳುತ್ತದೆ.

ನನ್ನನ್ನು ಅಂದು ಬೆರಗುಗೊಳಿಸಿದ್ದು ದೊಡ್ಡ ಹಕ್ಕಿಗಳ ಮೌನ. ಮರ ತುಂಬ ಬಣ್ಣದ ಕೊಕ್ಕರೆಗಳಿದ್ದರೂ ಅವುಗಳ ಗಂಟಲಿನಿಂದ ಸದ್ದಿಲ್ಲ. ಜೋಡಿಗಳು ಗೂಡಿನಲ್ಲಿ ಕೊಕ್ಕು ಕುಟ್ಟುವ ಟಕಟಕ ಮಾತ್ರ ಕೇಳುತ್ತದೆ. ಗಲಾಟೆಯೆಲ್ಲ ಮರಿಗಳದು. ತಾಯಿ ಮೀನು ತಂದು ಗೂಡಿನಲ್ಲಿ ಕಕ್ಕಿದಾಗ ಎದ್ದ ಗದ್ದಲಕ್ಕೆ ಒಂದೆರಡು ಮೀನು ಜಾರಿ, ಕೆಳಗೆ ರಾಗಿ ಹರವಿದ್ದ ಚಾಪೆಯ ಮೇಲೆ ಬಿದ್ದವು. ಮನೆಯ ಅಜ್ಜಿ ಬೈಯಲಿಲ್ಲ. ಎರಡು ಬೆರಳಿನಲ್ಲಿ ಮೀನನ್ನು ಎತ್ತಿ, ಕಾದು ಕುಳಿತಿದ್ದ ಬೆಕ್ಕಿನ ಕಡೆಗೆ ಎಸೆದು, ಚಾಪೆಯನ್ನು ಮೂರಡಿ ಆಚೆ ಎಳೆದುಕೊಂಡರು. ನಿಮಗೆ ಇದು ಕಷ್ಟವಲ್ಲವೇ ಎಂದು ಕೇಳಿದೆ. "ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ಯಾರಾದರೂ ಆಚೆ ಹೋಗು ಅನ್ನುತ್ತಾರೇನಪ್ಪಾ?" ಎಂದರು. ಆ ಊರಿನಲ್ಲಿ ಯಾರನ್ನು ಕೇಳಿದರೂ ಈ ಹೋಲಿಕೆ ಬರುತ್ತದೆ. ಹಕ್ಕಿಗಳು ಬಂದರೆ ಮಳೆ ಬೆಳೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಇದೆ.

ಇದು ಎಷ್ಟು ಹಳೆಯದು ಎಂಬುದಕ್ಕೆ ಎರಡು ಎಳೆಗಳಿವೆ. 1860ರ ದಶಕದಲ್ಲಿ ಭಾರತದ ಹಕ್ಕಿಗಳ ಬಗ್ಗೆ ಬರೆದ ಬ್ರಿಟಿಷ್ ವೈದ್ಯ ಜರ್ಡನ್, ಕರ್ನಾಟಿಕ್ ಸೀಮೆಯಲ್ಲಿ (ಪೂರ್ವ ಘಟ್ಟಕ್ಕೂ ಪೂರ್ವ ಕರಾವಳಿಗೂ ನಡುವಿನ ನಾಡು) ಊರ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ತಲೆತಲಾಂತರದಿಂದ ಗೂಡು ಕಟ್ಟುವುದನ್ನು ಕಂಡದ್ದಾಗಿ ದಾಖಲಿಸಿದ್ದಾನೆ. ದಕ್ಷಿಣದ ಹೆಜ್ಜಾರ್ಲೆಗೆ ಊರೊಳಗೆ ಬಾಳುವುದು ಹೊಸ ಅಭ್ಯಾಸವಲ್ಲ ಎಂಬುದು ಇದರಿಂದ ಸ್ಪಷ್ಟ. ಇನ್ನೊಂದು ಎಳೆ ಊರಿನ ಹಿರಿಯರ ಮಾತು. ಮೊದಲು ಬೆಳ್ಳೂರು ಶಿಂಷಾ ನದಿಯ ದಡದಲ್ಲಿತ್ತಂತೆ. 1916ರ ಸುಮಾರಿಗೆ ಪ್ಲೇಗ್ ಬಂದು ಜನ ಅಲ್ಲಿಂದ ಎದ್ದು ಈಗಿನ ಜಾಗಕ್ಕೆ ಬಂದು ನೆಲೆಸಿದರು. ಹಕ್ಕಿಗಳೂ ಹಳೆಯ ಮರಗಳನ್ನು ಬಿಟ್ಟು ಜನರ ಹಿಂದೆಯೇ ಬಂದವು ಎನ್ನುತ್ತಾರೆ. ನಾನು ಇದನ್ನು ನಂಬುತ್ತೇನೆ. ಜನವಿರುವ ಕಡೆ ಗೂಡಿಗೆ ಕೈ ಹಾಕುವ ಕಾಡುಪ್ರಾಣಿಗಳು ಕಡಿಮೆ. ಹಿತ್ತಲಿನ ಮರಗಳು ಹಬ್ಬಿ ದೊಡ್ಡದಾಗುತ್ತವೆ. ಶಿಂಷಾ ನದಿ, ಮದ್ದೂರು ಕೆರೆ, ತೈಲೂರು ಕೆರೆ ಎಲ್ಲವೂ ರೆಕ್ಕೆಯ ಅಳತೆಯಲ್ಲಿ ಹತ್ತಿರ. ಹಕ್ಕಿಗೆ ಬೇಕಾದದ್ದು ಇಷ್ಟೇ.

ಈಗ ಮರದ ವಿಷಯಕ್ಕೆ ಬರುತ್ತೇನೆ. ನಿಮ್ಮ ಊರಿಗೆ ತೀರ ಮುಖ್ಯವಾದದ್ದು ಇದೇ.

ಅಲ್ಲಿ ಗೂಡುಗಳಿರುವುದು ಬಹುಪಾಲು ಹುಣಸೆ ಮರಗಳಲ್ಲಿ, ಉಳಿದಂತೆ ಅರಳಿ, ಆಲ, ಬಸರಿ, ಅತ್ತಿ. ಹುಣಸೆ ಮರ ಮನೆಯವರ ಆಸ್ತಿ. ಹಣ್ಣು ಬಡಿದು ಮಾರಿದರೆ ವರ್ಷಕ್ಕೊಂದು ಆದಾಯ, ಗುತ್ತಿಗೆಗೆ ಕೊಟ್ಟರೆ ಕೈಗೆ ಮುಂಗಡ. ಹಣ್ಣು ಬಡಿಯುವ ಕಾಲ ಶಿವರಾತ್ರಿಯ ಆಸುಪಾಸು. ಹೆಜ್ಜಾರ್ಲೆಗಳು ಅಕ್ಟೋಬರ್, ನವೆಂಬರ್‌ನಿಂದ ಬಂದು ಮೊಟ್ಟೆಯಿಟ್ಟು, ಅದೇ ಹೊತ್ತಿಗೆ ಗೂಡಿನಲ್ಲಿ ಮರಿಗಳನ್ನು ಇಟ್ಟುಕೊಂಡಿರುತ್ತವೆ. ಮರಿ ಹಾರಲು ಮೂರು ತಿಂಗಳಿಗಿಂತ ಹೆಚ್ಚು ಬೇಕು. ಬಣ್ಣದ ಕೊಕ್ಕರೆಗಳು ಆಗಷ್ಟೇ ಗೂಡು ಕಟ್ಟಿ ಕಾವಿಗೆ ಕೂತಿರುತ್ತವೆ. ಎಲ್ಲ ಖಾಲಿಯಾಗುವಾಗ ಜೂನ್. ಅಂದರೆ ಕೋಲು ಹಿಡಿದು ಮರ ಹತ್ತಬೇಕಾದ ತಿಂಗಳಲ್ಲಿ ಮರ ಹತ್ತುವಂತಿಲ್ಲ. ಹಿಕ್ಕೆ ಬಿದ್ದು ಬಿದ್ದು ಎಲೆ, ಹೂವು ಸುಟ್ಟುಹೋಗುವುದು ಬೇರೆ. ನೂರು ಗೂಡಿನ ಮರ ನೋಡಲು ಚೆಂದ, ಫಸಲು ಮಾತ್ರ ಕೈಗೆ ಹತ್ತುವುದಿಲ್ಲ.

ಹಿಂದೆ ಈ ನಷ್ಟವನ್ನು ಗೊಬ್ಬರ ತುಂಬಿಕೊಡುತ್ತಿತ್ತು. ಗೂಡಿನ ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತಂದು ಹರಡುತ್ತಾರೆ. ಆರು ತಿಂಗಳು ಅದರ ಮೇಲೆ ಹಿಕ್ಕೆ, ಮೀನಿನ ಚೂರು, ಉದುರಿದ ಗರಿ ಬೀಳುತ್ತವೆ. ಹಕ್ಕಿಗಳು ಹೊರಟ ಮೇಲೆ ಆ ಮಣ್ಣನ್ನು ಗಾಡಿಗೆ ತುಂಬಿ ಗದ್ದೆಗೆ ಸಾಗಿಸುತ್ತಾರೆ, ಉಳಿದದ್ದನ್ನು ಮಾರುತ್ತಾರೆ. ಒಮ್ಮೆ ನಾನು ಅಂಥ ಗುಂಡಿಯ ಅಂಚಿನಲ್ಲಿ ಕುಳಿತು ಮಣ್ಣು ಹಿಡಿದು ನೋಡಿದ್ದೇನೆ. ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ, ಒಂದು ಗೇಣು ಕೆಳಗೆ ಕಾಡಿಗೆಯ ಹಾಗೆ ಕಪ್ಪಗೆ. ನಾತಕ್ಕೆ ತಲೆ ತಿರುಗುತ್ತದೆ, ಭತ್ತದ ಪೈರು ಮಾತ್ರ ಅದನ್ನು ಕಂಡರೆ ಚಿಗುರುತ್ತದೆ.

ಅಂಗಡಿ ಗೊಬ್ಬರ ಮನೆ ಬಾಗಿಲಿಗೆ ಬಂದ ಕಾಲದಲ್ಲಿ ಈ ಲೆಕ್ಕ ಏರುಪೇರಾಯಿತು. ಹುಣಸೆ ಸೌದೆಗೆ ಇಟ್ಟಿಗೆ ಗೂಡಿನವರು ಒಳ್ಳೆಯ ದುಡ್ಡು ಕೊಡುತ್ತಾರೆ. ಮಗಳ ಮದುವೆ, ಆಸ್ಪತ್ರೆಯ ಖರ್ಚು ಬಂದಾಗ ಹಿತ್ತಲಿನ ಮರವೇ ಬ್ಯಾಂಕು. ಹಕ್ಕಿಯ ಮೇಲೆ ಪ್ರೀತಿಯಿದ್ದವರೇ ಮರ ಕಡಿಸಿದ್ದಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಊರಿಗೆಲ್ಲ ಹೆಸರು ಬರುತ್ತದೆ, ನಷ್ಟ ಮಾತ್ರ ಮರದ ಯಜಮಾನನೊಬ್ಬನದೇ ಆಗಿರುತ್ತದೆ. ಈ ಗಂಟನ್ನು ಬಿಡಿಸದೆ ಯಾವ ಸಮುದಾಯ ಪಕ್ಷಿಧಾಮವೂ ಉಳಿಯದು.

ಆ ಗಂಟಿಗೆ ಮೊದಲು ಕೈ ಹಾಕಿದವರು ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು. 1976ರಲ್ಲಿ ಅವರು ಈ ಊರಿನ ಹೆಜ್ಜಾರ್ಲೆ ತಾಣವನ್ನು ಹೊರಜಗತ್ತಿಗೆ ತೋರಿಸಿದರು. ಅದಾದ ಮೇಲೆ ಗೂಡಿರುವ ಮರಗಳ ಮಾಲೀಕರಿಗೆ, ಹಣ್ಣು ಬಡಿಯದೆ ಬಿಟ್ಟದ್ದಕ್ಕಾಗಿ, ಸರ್ಕಾರದಿಂದ ಪರಿಹಾರ ಕೊಡುವ ಪದ್ಧತಿ ಬಂತು. ಹುಣಸೆಯ ಬೆಲೆ ಏರಿದಷ್ಟು ಪರಿಹಾರ ಏರಲಿಲ್ಲ ಎಂಬ ಕೊರಗು ಊರಿನಲ್ಲಿ ಇಂದಿಗೂ ಇದೆ, ನನಗೂ ಅದು ನ್ಯಾಯವಾದ ಕೊರಗು ಎನ್ನಿಸುತ್ತದೆ. ಆದರೂ ಮರ ಕೊಟ್ಟವನ ತ್ಯಾಗಕ್ಕೆ ಒಂದು ಲೆಕ್ಕವಿದೆ ಎಂದು ಸರ್ಕಾರ ಒಪ್ಪಿದ ಆ ಗಳಿಗೆಯನ್ನೇ ನಾನು ಈ ಪಕ್ಷಿಧಾಮದ ನಿಜವಾದ ಹುಟ್ಟು ಎಂದು ಎಣಿಸುತ್ತೇನೆ.

ಎರಡನೆಯ ಹೆಜ್ಜೆ 1994ರದು. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ಸಂಸ್ಥೆಯ ಕೆ. ಮನು ಮತ್ತು ಗೆಳೆಯರು ಊರಿನ ಜನರೊಂದಿಗೆ ಕೂತು ಕೆಲಸ ಆರಂಭಿಸಿದರು. ಅದರಿಂದ ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಬಳಗದ ಕೆಲಸಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬಿದ್ದ ಮರಿಗಳ ಆರೈಕೆ.

ಗಾಳಿಗೋ, ಒಡಹುಟ್ಟಿದವುಗಳ ತಳ್ಳಾಟಕ್ಕೋ ಮರಿಗಳು ಗೂಡಿನಿಂದ ಬೀಳುತ್ತವೆ. ಬಿದ್ದ ಮರಿಗೆ ತಾಯಿ ಕೆಳಗಿಳಿದು ಉಣಿಸುವುದಿಲ್ಲ. ಹಿಂದೆ ಅವು ನಾಯಿಗಳ ಪಾಲಾಗುತ್ತಿದ್ದವು. ಬಳಗದವರು ಅವನ್ನು ತಂದು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಬಿಡತೊಡಗಿದರು. ಒಂದು ಏಪ್ರಿಲ್‌ನಲ್ಲಿ ಕೆಲವು ದಿನ ನಾನೂ ಅಲ್ಲಿ ಮೀನಿನ ಬಕೆಟ್ ಹೊತ್ತೆ. ಹೊಸದಾಗಿ ಬಂದ ಹೆಜ್ಜಾರ್ಲೆ ಮರಿಯೊಂದು ಏನು ಕೊಟ್ಟರೂ ಬಾಯಿ ತೆರೆಯಲಿಲ್ಲ. ನನಗಿಂತ ಚಿಕ್ಕವನಾದ ಊರಿನ ಹುಡುಗನೊಬ್ಬ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಎಡಗೈಯಿಂದ ಅದರ ಕೊಕ್ಕನ್ನು ಮೆಲ್ಲಗೆ ಬಿಡಿಸಿ, ಬಲಗೈ ಬೆರಳುಗಳನ್ನು ಒಟ್ಟು ಮಾಡಿ ತಾಯಿಯ ಕೊಕ್ಕಿನಂತೆ ಒಳಗಿಟ್ಟು ಮೀನನ್ನು ಜಾರಿಸಿದ. ತಲೆಯನ್ನು ಮುಂದಕ್ಕೆ ಇಟ್ಟು ಬಿಡಬೇಕು, ಬಾಲ ಮುಂದಾದರೆ ರೆಕ್ಕೆಮುಳ್ಳು ಗಂಟಲಿಗೆ ಚುಚ್ಚುತ್ತದೆ ಎಂದು ತೋರಿಸಿಕೊಟ್ಟ. ಮೂರನೆಯ ಮೀನಿಗೆ ಮರಿ ತಾನೇ ಬಾಯಿ ತೆರೆಯಿತು. ಗಂಟಲ ಚೀಲ ಬೆಚ್ಚಗೆ, ತೇವವಾಗಿ, ಒದ್ದೆ ರೇಷ್ಮೆಬಟ್ಟೆಯ ಹಾಗೆ ನನ್ನ ಮಣಿಕಟ್ಟಿಗೆ ಒರಗಿತು. ಆ ಸ್ಪರ್ಶ ಇಂದಿಗೂ ನೆನಪಿದೆ. ಆ ಹುಡುಗನ ಮನೆಯ ಮರವನ್ನು ಇನ್ನು ಯಾರೂ ಕಡಿಯಲಾರರು ಎಂದು ಅಂದೇ ನನಗೆ ಖಾತ್ರಿಯಾಯಿತು.

ಕಾನೂನು ಬಂದದ್ದು ಇದೆಲ್ಲದರ ನಂತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಇದ್ದದ್ದು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಂಥ ದೊಡ್ಡ ಚೌಕಟ್ಟುಗಳು. ಜನರ ಹಕ್ಕುಗಳಿಗೆ ಕಡಿವಾಣ ಹಾಕುವ ಆ ನಿಯಮಗಳನ್ನು ಮನೆ, ಕೊಟ್ಟಿಗೆ, ಕಣಗಳಿರುವ ಊರಿನ ಮೇಲೆ ಹೇರಲಾಗುವುದಿಲ್ಲ. ಹೇರಿದ್ದರೆ ಹಕ್ಕಿಗೆ ಆಶ್ರಯ ಕೊಟ್ಟವರೇ ಹಕ್ಕಿಯನ್ನು ಶಪಿಸುತ್ತಿದ್ದರು. 2002ರ ತಿದ್ದುಪಡಿ ಎರಡು ಹೊಸ ಬಾಗಿಲು ತೆರೆಯಿತು. ಸರ್ಕಾರಿ ಜಾಗವಾದರೆ ಸಂರಕ್ಷಣಾ ಮೀಸಲು ಪ್ರದೇಶ. ಖಾಸಗಿ ಅಥವಾ ಸಮುದಾಯದ ಜಾಗವಾಗಿದ್ದು, ಜನ ತಾವಾಗಿ ಮುಂದೆ ಬಂದರೆ ಸಮುದಾಯ ಮೀಸಲು ಪ್ರದೇಶ. ಎರಡನೆಯದರಲ್ಲಿ ಜಮೀನಿನ ಒಡೆತನ ಬದಲಾಗುವುದಿಲ್ಲ. ಗ್ರಾಮ ಪಂಚಾಯಿತಿ ಹೆಸರಿಸುವ ಐವರು, ಅರಣ್ಯ ಇಲಾಖೆಯ ಒಬ್ಬರು ಸೇರಿದ ಸಮಿತಿಗೆ ಆಡಳಿತ ಎಂದು ಆ ತಿದ್ದುಪಡಿ ಹೇಳಿತು. ಘೋಷಣೆಯಾದ ಮೇಲೆ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ ಜಮೀನಿನ ಬಳಕೆ ಬದಲಿಸುವಂತಿಲ್ಲ. ಈ ಕೊನೆಯ ಷರತ್ತನ್ನು ನಿಮ್ಮ ಊರಿನವರಿಗೆ ಮೊದಲೇ ಬಿಡಿಸಿ ಹೇಳಿ. ಆಮೇಲೆ ತಿಳಿದರೆ ಮೋಸ ಹೋದೆವು ಅನ್ನುತ್ತಾರೆ.

2007ರಲ್ಲಿ ಕೊಕ್ಕರೆ ಬೆಳ್ಳೂರಿನ 312 ಹೆಕ್ಟೇರ್ ಪ್ರದೇಶ ಸಮುದಾಯ ಮೀಸಲಾಯಿತು. ಅದೇ ವರ್ಷ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ನಮ್ಮ ಹೆಜ್ಜಾರ್ಲೆಯ ಸ್ಥಾನ 'ಅಪಾಯಕ್ಕೆ ತುತ್ತಾಗಬಲ್ಲ' ದರ್ಜೆಯಿಂದ ಒಂದು ಮೆಟ್ಟಿಲು ಸುಧಾರಿಸಿತು. ಅದು ಒಂದೇ ಊರಿನಿಂದ ಆದದ್ದಲ್ಲ. ಆದರೆ ದಕ್ಷಿಣ ಭಾರತದಲ್ಲಿ ಗೂಡಿನ ಮರಗಳನ್ನು ಉಳಿಸಿಕೊಂಡ ಇಂಥ ಊರುಗಳಿಗೆ ಅದರಲ್ಲಿ ಪಾಲಿದೆ.

ನಿಮ್ಮ ಮರಗಳು ಕೆರೆಯಂಗಳದಲ್ಲೇ ಇದ್ದು ಅದು ಸರ್ಕಾರದ ಕೆರೆಯಾಗಿದ್ದರೆ ನೀವು ನೋಡಬೇಕಾದ ಮಾದರಿ ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅಲ್ಲಿ ಕೆರೆಯೊಳಗಿನ ಕರಿಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. 2017ರಲ್ಲಿ ಅದು ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಾನೂನಿನ ಕಾಗದಕ್ಕೆ ಕಾಯದೆ ಊರೇ ನಿರ್ಧರಿಸಿದ್ದಕ್ಕೆ ನಾಗಾಲ್ಯಾಂಡಿನ ಖೊನೋಮ ಇನ್ನೊಂದು ಉದಾಹರಣೆ. ಬೇಟೆಯೇ ಸಂಪ್ರದಾಯವಾಗಿದ್ದ ಊರು 1998ರಲ್ಲಿ ತಾನಾಗಿ ಬೇಟೆ ನಿಲ್ಲಿಸಿ, ತನ್ನ ಕಾಡಿನ ಸುಮಾರು 20 ಚದರ ಕಿಲೋಮೀಟರನ್ನು ಟ್ರಾಗೊಪಾನ್ ಹಕ್ಕಿಗಾಗಿ ಕಾಯ್ದಿರಿಸಿತು.

ಘೋಷಣೆಯಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಮೀಸಲಿನ ಗೆರೆ ಊರಿನ ಸುತ್ತ ಇದೆ, ಹಕ್ಕಿಯ ಊಟ ಗೆರೆಯ ಆಚೆ ಇದೆ. 2017ರ ಕೊನೆಯಿಂದ ಕೆಲವೇ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಮೀನಿನಿಂದ ಬಂದ ಪರಾವಲಂಬಿ ಹುಳುಗಳಿದ್ದವು. ಕೊಳಚೆ ಸೇರಿದ ಕೆರೆಗಳ ಕಡೆಗೆ ಆಗ ಎಲ್ಲರ ಬೆರಳು ತಿರುಗಿತು. ಆ ವರ್ಷ ನಾನು ಹೋದಾಗ ಊರು ಸಾವಿನ ಮನೆಯಂತಿತ್ತು. ಮರದ ಬುಡದಲ್ಲಿ ರೆಕ್ಕೆ ಹರಡಿ ಬಿದ್ದಿದ್ದ ಹಕ್ಕಿಯೊಂದನ್ನು ಹಿರಿಯರೊಬ್ಬರು ಗೋಣಿಚೀಲದಿಂದ ಮುಚ್ಚಿ, ನೋಡಲು ಬಂದ ಮಕ್ಕಳನ್ನು ಆಚೆ ಕಳುಹಿಸಿದರು. ಊರಿನವರು ತಮ್ಮ ಮರ, ತಮ್ಮ ಅಂಗಳ ಕಾಯಬಲ್ಲರು. ಹತ್ತು ಮೈಲಿ ಆಚೆಯ ಕೆರೆಯ ನೀರನ್ನು ಅವರೊಬ್ಬರೇ ಕಾಯಲಾರರು.

ಮತ್ತೊಂದು ಚಿಂತೆ ಮರಗಳ ವಯಸ್ಸು. ಇಂದು ನೆಟ್ಟ ಹುಣಸೆ ಸಸಿ ಹೆಜ್ಜಾರ್ಲೆಯ ಭಾರ ಹೊರಲು ದಶಕಗಳೇ ಬೇಕು. ನನ್ನ ಮೊದಲ ಭೇಟಿಯಲ್ಲಿ ಗೂಡು ತುಂಬಿದ್ದ ಒಂದು ಮರ ಈಗ ಇಲ್ಲ. ಅದರ ಜಾಗದಲ್ಲಿ ತಾರಸಿ ಮನೆ ಎದ್ದಿದೆ. ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳು, ಗೂಡಿನ ಮಟ್ಟಕ್ಕೆ ಡ್ರೋನ್ ಹಾರಿಸುವ ಪ್ರವಾಸಿಗಳು ಹೊಸ ಕಾಲದ ಕಾಟ. ಡ್ರೋನ್ ಕಂಡು ತಾಯಿ ಎದ್ದುಹೋದರೆ ಏಪ್ರಿಲ್ ಬಿಸಿಲಿನಲ್ಲಿ ಗರಿ ಮೂಡದ ಮರಿ ಬಹಳ ಹೊತ್ತು ಬದುಕುವುದಿಲ್ಲ.

ಇನ್ನು ನಿಮ್ಮ ಊರು. ಮರಗಳ ಪಟ್ಟಿ ಆದ ಮೇಲೆ ಮಾಲೀಕರ ಮನೆಗೆ ನೀವೇ ಹೋಗಿ. ಎಲ್ಲರನ್ನೂ ಒಟ್ಟಿಗೆ ಸಭೆಗೆ ಕರೆಯುವುದು ಆಮೇಲಿರಲಿ. ಸಭೆಯಲ್ಲಿ ನಾಲ್ವರ ಎದುರು ಹೂಂ ಅಂದವರು ಮನೆಗೆ ಹೋಗಿ ಮರ ಮಾರುತ್ತಾರೆ. ವರ್ಷಕ್ಕೆ ಹುಣಸೆ ಎಷ್ಟಕ್ಕೆ ಹೋಗುತ್ತಿತ್ತು, ಈಗ ಎಷ್ಟು ನಷ್ಟ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಪರಿಹಾರ ಕೇಳುವಾಗ ಆ ಲೆಕ್ಕವೇ ನಿಮ್ಮ ಆಧಾರ. ಗೋಡು ಹರಡಿ ಗೊಬ್ಬರ ಮಾಡುವುದನ್ನು ಒಂದು ಮರದಡಿ ಈ ವರ್ಷವೇ ಮಾಡಿ ತೋರಿಸಿ, ಮಾತಿಗಿಂತ ಒಂದು ಗಾಡಿ ಗೊಬ್ಬರ ಬೇಗ ಕೆಲಸ ಮಾಡುತ್ತದೆ. ಗ್ರಾಮಸಭೆಯ ನಿರ್ಣಯ, ವಲಯ ಅರಣ್ಯಾಧಿಕಾರಿಗೆ ಅರ್ಜಿ, ಎರಡೂ ಇದರ ನಂತರ. ಶಾಲೆಯ ಮಕ್ಕಳಿಂದ ಪ್ರತಿ ತಿಂಗಳು ಗೂಡು ಎಣಿಸಿ ದಿನಾಂಕದೊಂದಿಗೆ ಬರೆಸಿಡಿ, ಇಲಾಖೆ ಮೊದಲು ಕೇಳುವುದು ಅದನ್ನೇ.

ಕೆರೆಯ ಮೀನಿನ ಹರಾಜು ಯಾವಾಗ ಎಂದು ಪಂಚಾಯಿತಿಯಲ್ಲಿ ಈ ವಾರವೇ ವಿಚಾರಿಸಿ. ಗುತ್ತಿಗೆ ಹಿಡಿದವರಿಗೆ ಕೊಕ್ಕರೆ ಶತ್ರುವಾಗಿ ಕಾಣುವುದು ಸಹಜ. ಗುತ್ತಿಗೆ ಆದ ಮೇಲೆ ಮಾತಾಡಿದರೆ ಜಗಳ, ಮೊದಲೇ ಮಾತಾಡಿದರೆ ಷರತ್ತು. ಮಾರ್ಚ್ ಹೊತ್ತಿಗೆ ಮರಿಗಳು ಬೀಳಲು ಶುರುವಾಗುತ್ತವೆ. ಅಷ್ಟರೊಳಗೆ ನಾಯಿ ನುಗ್ಗದ ಒಂದು ಬೇಲಿ, ನೆರಳು, ನೀರಿನ ತೊಟ್ಟಿ ಸಿದ್ಧವಿರಲಿ, ಮತ್ತು ಬಿದ್ದ ಮರಿಯನ್ನು ಮುಟ್ಟುವ ಮೊದಲು ಅರಣ್ಯ ಇಲಾಖೆಯವರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಿರಿ. ಎಷ್ಟು ಮರ, ಯಾರ ಮರ ಎಂಬ ಪಟ್ಟಿ ಆದ ಮೇಲೆ ಇಲ್ಲಿಯೇ ಬರೆಯಿರಿ, ಯಾವ ದಾರಿ ನಿಮಗೆ ಹೊಂದುತ್ತದೆ ಎಂದು ಆಗ ಖಚಿತವಾಗಿ ಹೇಳಬಹುದು.